ಫ್ರಾನ್ಸಿಸ್ ಫ್ರಿತ್ ಮತ್ತು ಕಡಲತೀರದ ಊರುಗಳು

ಇಂಗ್ಲೆಂಡಿನ ಕಡಲತೀರದ ವಿಹಾರಸ್ಥಳಗಳು ನೂರೈವತ್ತು ವರ್ಷಗಳ ಹಿಂದೆ ಹೇಗಿದ್ದುವೆಂದು ತಿಳಿಯಬಯಸುವವರು ಫ್ರಾನ್ಸಿಸ್ ಫ್ರಿತ್‌ನ ಛಾಯಾಚಿತ್ರಗಳನ್ನು ನೋಡಲೇಬೇಕು. ಈತನು 1822ರಲ್ಲಿ ಚೆಸ್ಟರ್‌ಫೀಲ್ಡ್ ಎಂಬ ಊರಿನಲ್ಲಿ, ಸರಳ ಜೀವನವನ್ನೇ ಧರ್ಮವೆಂದು ನಂಬಿದ ಕ್ವೇಕರ್ ಪಂಥದ ಮನೆತನದಲ್ಲಿ ಹುಟ್ಟಿದನು. ಷೆಫೀಲ್ಡಿನಲ್ಲಿ ಚಾಕು ಚೂರಿಗಳ ವ್ಯಾಪಾರ ಕಲಿಯಲು ನಿಂತನು, ಆರೋಗ್ಯ ಕೆಟ್ಟಿತು. ಅನಂತರ ಲಿವರ್‌ಪೂಲಿನಲ್ಲಿ ದಿನಸಿಯ ಸಗಟು ವ್ಯಾಪಾರ, ಮುದ್ರಣಾಲಯ ಎಂದು ದುಡಿದು ಶ್ರೀಮಂತನಾದನು. ಮೂವತ್ತನಾಲ್ಕನೆಯ ವಯಸ್ಸಿನ ಸುಮಾರಿಗೆ ಎಲ್ಲವನ್ನೂ ಮಾರಿ ಕ್ಯಾಮರಾ ಹಿಡಿದನು! ನಡೆಯುತ್ತಿದ್ದ ಅಂಗಡಿಯನ್ನು ಮಾರಿದವನನ್ನು ನಮ್ಮೂರಿನ ಹಿರಿಯರು ಏನೆನ್ನುತ್ತಿದ್ದರೋ ಊಹಿಸಬಲ್ಲೆ. ಬಿ.ಎ.ಗೆ ಸೇರಿದ್ದಕ್ಕೇ ನಾನು ಸಾಕಷ್ಟು ಕೇಳಿಸಿಕೊಂಡಿದ್ದೇನೆ.

1856ರಿಂದ 1860ರೊಳಗೆ ಮೂರು ಬಾರಿ ಈಜಿಪ್ಟ್ ಮೊದಲಾದ ಪೂರ್ವದೇಶಗಳಿಗೆ ಹೋಗಿ, ಪಿರಮಿಡ್ಡುಗಳನ್ನೂ ದೇವಾಲಯಗಳನ್ನೂ ಗಾಜಿನ ಫಲಕಗಳ ಮೇಲೆ ಹಿಡಿದು ತಂದನು. ಅವುಗಳಲ್ಲಿ ಕೆಲವು 16 ಅಂಗುಲ ಅಗಲ, 20 ಅಂಗುಲ ಉದ್ದದವು. ಮರಳುಗಾಡಿನ ಡೇರೆಯ ಸೆಕೆಗೆ ಕೊಲೋಡಿಯನ್ ದ್ರವವು ಫಲಕಕ್ಕೆ ಹಚ್ಚುವಾಗಲೇ ಕುದಿಯುತ್ತಿತ್ತಂತೆ.

1860ರಲ್ಲಿ ಮದುವೆಯಾಗಿ ರೈಗೇಟ್‌ನಲ್ಲಿ ನೆಲೆನಿಂತ ಮೇಲೆ, ಬ್ರಿಟನ್ನಿನ ಊರೂರನ್ನೂ ಚಿತ್ರಿಸಿ ಮಾರುವ ಹಂಬಲ ಅವನಲ್ಲಿ ಹುಟ್ಟಿತು. ಕಾಲವೂ ಅದಕ್ಕೆ ಅನುಕೂಲವಾಗಿತ್ತು. ಲಂಡನ್ನಿನಿಂದ ಮಾರ್ಗೇಟಿಗೆ 1815ರಲ್ಲಿಯೇ ಉಗಿಹಡಗು ಓಡಿತ್ತು. ಇಲ್ಫ್ರಾಕೂಂಬ್, ಲ್ಯಾಂಡಡ್ನೊಗಳಿಗೆ ಹಡಗುಗಳು ಪ್ರವಾಸಿಗಳನ್ನು ತರುತ್ತಿದ್ದುವು. ಸಮುದ್ರದೊಳಕ್ಕೆ ಕಬ್ಬಿಣದ ಕಟ್ಟೆಗಳು ಚಾಚಿದುವು. ವೆಸ್ಟನ್ನಿನ ಬರ್ನ್‌ಬೆಕ್ ಕಟ್ಟೆ 1867ರಲ್ಲಿ, ಲ್ಯಾಂಡಡ್ನೊದ ಕಟ್ಟೆ 1877ರಲ್ಲಿ ತೆರೆದುವು. 1871ರ ಬ್ಯಾಂಕ್ ರಜೆಗಳ ಕಾನೂನು ಬಂದ ಮೇಲೆ ಗುಮಾಸ್ತರೂ ಕೆಲಸಗಾರರೂ ಒಂದು ದಿನದ ಮಟ್ಟಿಗಾದರೂ ಕಡಲ ಕಡೆಗೆ ಹೊರಟರು. ಬಂದವರಿಗೆ ನೆನಪಿಗೊಂದು ಚಿತ್ರ ಬೇಕಲ್ಲವೆ? ಫ್ರಿತ್‌ನ ಚಿತ್ರಗಳು ಊರೂರ ಅಂಗಡಿಗಳಲ್ಲಿ ಬಿಕರಿಯಾದುವು.

ಈ ಹಳೆಯ ಚಿತ್ರಗಳನ್ನು ನೋಡುವಾಗ ಒಂದು ಸಂಗತಿ ತಿಳಿದಿರಬೇಕು. ಹಸಿಫಲಕದ ಕಾಲದಲ್ಲಿ ಗಾಜಿಗೆ ಲೇಪ ಹಚ್ಚಿ, ಅದು ಒಣಗುವುದರೊಳಗೆ ಚಿತ್ರ ತೆಗೆದು, ಬಳಿಯ ಕತ್ತಲೆ ಡೇರೆಯಲ್ಲಿ ತೊಳೆದು ಮುಗಿಸಬೇಕಿತ್ತು. ಬೆಳಕು ಬೀಳಲು ಸಾಮಾನ್ಯವಾಗಿ ಕೆಲವು ಸೆಕೆಂಡುಗಳಾದರೂ ಬೇಕು. ಕಟ್ಟೆ, ಹೋಟೆಲು, ಬೆಟ್ಟಗಳು ಕೊರೆದಂತೆ ಮೂಡುತ್ತಿದ್ದುವು. ನಡೆದಾಡುವ ಮನುಷ್ಯ ಮಸುಕಾಗುತ್ತಿದ್ದನು, ಇಲ್ಲವೆ ಮಾಯವಾಗುತ್ತಿದ್ದನು. ಆದ್ದರಿಂದ ಬರಿದಾಗಿ ಕಾಣುವ ತೀರವೆಲ್ಲ ಬರಿದಾಗಿತ್ತೆಂದು ನಂಬುವಂತಿಲ್ಲ. ಗಾಡಿಯವನು ಮೂಟೆ ಹೊತ್ತು ಓಡಿದರೆ ಅವನಿಗೆ ಚಿತ್ರದಲ್ಲಿ ಸ್ಥಾನವಿಲ್ಲ. ಬೆಂಚಿನ ಮೇಲೆ ಸುಮ್ಮನೆ ಕುಳಿತವನಿಗೆ ಉಂಟು. ಕೂಲಿ ಮಾಡಿ ಬದುಕಿದವರ ಮನೆಯಿಂದ ಬಂದ ನನಗೆ ಇದು ಚಿಕ್ಕ ವಿಷಯವಾಗಿ ತೋರಲಿಲ್ಲ. ನನ್ನ ಅಜ್ಜನ ಒಂದು ಚಿತ್ರವೂ ನಮ್ಮಲ್ಲಿಲ್ಲ. 1871ರಲ್ಲಿ ಮ್ಯಾಡಾಕ್ಸನು ಒಣಫಲಕದ ದಾರಿ ತೋರಿಸಿ, ಕೆಲವು ವರ್ಷಗಳಲ್ಲಿ ಅವು ಅಂಗಡಿಗೆ ಬಂದ ಮೇಲೆ, ನೀರಾಟವಾಡುವ ಮಕ್ಕಳೂ ಕತ್ತೆ ನಡೆಸುವ ಹುಡುಗರೂ ಸ್ಪಷ್ಟವಾಗಿ ಚಿತ್ರದೊಳಗೆ ಬಂದರು.

ಫ್ರಿತ್‌ನನ್ನು ನಾನು ಸಂಪೂರ್ಣವಾಗಿ ಹೊಗಳಲಾರೆ. ಬೇರೆಯವರ ಫಲಕಗಳನ್ನು ಕೊಂಡೂ ಸಂಬಳದ ಛಾಯಾಗ್ರಾಹಕರನ್ನು ಊರೂರಿಗೆ ಕಳುಹಿಸಿಯೂ ಸಂಗ್ರಹವನ್ನು ಬೆಳೆಸಿದನು. ಚಿತ್ರದ ಮೂಲೆಯಲ್ಲಿ ಇರುವುದು ಫ್ರಿತ್ ಎಂಬ ಹೆಸರೊಂದೇ. ಡೇರೆ ಹೊತ್ತು ಮರಳಿನಲ್ಲಿ ನಡೆದವರ ಹೆಸರಿಲ್ಲ. ವ್ಯಾಪಾರದ ರೀತಿಯೇ ಅದೆಂದು ಹೇಳುವವರಿದ್ದಾರೆ. ಆದರೂ ಆ ವ್ಯಾಪಾರಬುದ್ಧಿ ಇಲ್ಲದಿದ್ದರೆ ಇಷ್ಟು ಊರುಗಳ ಮುಖ ಉಳಿಯುತ್ತಿರಲಿಲ್ಲವೆಂಬುದೂ ದಿಟ.

1898ರ ಫೆಬ್ರವರಿಯಲ್ಲಿ ಫ್ರಾನ್ಸಿನ ಕಾನ್ ಎಂಬ ಕಡಲತೀರದ ವಿಹಾರಸ್ಥಳದಲ್ಲಿಯೇ ಆತನು ತೀರಿಕೊಂಡನು. ಬ್ರಿಟನ್ನಿನ ಅಂಚೆಯವರು ಖಾಸಗಿ ಚಿತ್ರಕಾರ್ಡುಗಳಿಗೆ 1894ರಲ್ಲಿ ಅನುಮತಿ ನೀಡಿದ್ದರು. 1902ರಿಂದ ಕಾರ್ಡಿನ ಹಿಂಬದಿಯಲ್ಲಿ ವಿಳಾಸದ ಪಕ್ಕದಲ್ಲೇ ಒಕ್ಕಣೆ ಬರೆಯಬಹುದಾಯಿತು. ಕಾರ್ಡುಗಳ ಸುಗ್ಗಿ ಬಂದಾಗ ಅದನ್ನು ಕೊಯ್ದವರು ಫ್ರಿತ್‌ನ ಮಕ್ಕಳು. ಅವನ ಕಂಪನಿ 1970ರ ಸುಮಾರಿನವರೆಗೂ ಊರುಗಳ ಚಿತ್ರ ತೆಗೆಯುತ್ತಲೇ ಇತ್ತು.