ನೀರಿನ ಪ್ರಯೋಗವನ್ನು ತಿರುಗಿಸಿದ ವಕೀಲರು: ವಿಲಿಯಂ ಗ್ರೋವ್

ಹತ್ತನೇ ತರಗತಿಯ ವಿಜ್ಞಾನದಲ್ಲಿ ನೀರಿನ ವಿದ್ಯುದ್ವಿಭಜನೆಯ ಚಟುವಟಿಕೆ ಇದೆ. ಬೋಧನಾಭ್ಯಾಸದಲ್ಲಿ ಹಿರೋಳ್ಳಿಯ ಮಕ್ಕಳಿಗೆ ಅದನ್ನು ಮಾಡಿ ತೋರಿಸಿದಾಗ, ನೀರಿನಿಂದಲೇ ಕಾರು ಓಡುತ್ತದಂತೆ, ಹೌದೇ ಎಂದು ಒಬ್ಬ ಹುಡುಗ ಕೇಳಿದ. ಉತ್ತರವಾಗಿ ಮರುದಿನ ನಾನು ಒಬ್ಬರ ಜೀವನವನ್ನು ಹೇಳಿದೆ.

ವಿಲಿಯಂ ರಾಬರ್ಟ್ ಗ್ರೋವ್ ಅವರು 1811ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಜನಿಸಿದರು. ಆಕ್ಸ್‌ಫರ್ಡ್‌ನಲ್ಲಿ ಓದಿ 1835ರಲ್ಲಿ ವಕೀಲರಾದರು. ಆರೋಗ್ಯ ಸರಿಯಿಲ್ಲದ್ದರಿಂದ ವಕೀಲಿ ಹಿಂದೆ ಬಿತ್ತು, ವಿಜ್ಞಾನ ಮುಂದೆ ಬಂತು. 1839ರಲ್ಲಿ ಸತು ಮತ್ತು ಪ್ಲಾಟಿನಂ ಬಳಸಿ ಅವರು ಮಾಡಿದ ಬ್ಯಾಟರಿ ಅಮೆರಿಕದ ಆರಂಭದ ಟೆಲಿಗ್ರಾಫ್‌ಗಳಿಗೆ ವಿದ್ಯುತ್ ಕೊಟ್ಟಿತು. ಲಂಡನ್ ಇನ್‌ಸ್ಟಿಟ್ಯೂಷನ್‌ನಲ್ಲಿ ಕೆಲವು ವರ್ಷ ಪ್ರಾಧ್ಯಾಪಕರೂ ಆಗಿದ್ದರು.

ನಮ್ಮ ಪಾಠಕ್ಕೆ ಬೇಕಾದದ್ದು 1842ರ ಅನಿಲ ಬ್ಯಾಟರಿ. ಪ್ಲಾಟಿನಂ ಪಟ್ಟಿ ಇಟ್ಟ ಎರಡು ಗಾಜಿನ ನಳಿಕೆಗಳನ್ನು ದುರ್ಬಲ ಗಂಧಕಾಮ್ಲದಲ್ಲಿ ನಿಲ್ಲಿಸಿ, ಒಂದರಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಆಕ್ಸಿಜನ್ ತುಂಬಿದರು. ತಂತಿ ಜೋಡಿಸಿದಾಗ ವಿದ್ಯುತ್ ಹರಿಯಿತು. ಹೈಡ್ರೋಜನ್ ಎರಡು ಪಾಲು ಕರಗಿದರೆ ಆಕ್ಸಿಜನ್ ಒಂದು ಪಾಲು. ಮಕ್ಕಳು ಹಿಂದಿನ ದಿನ ನಳಿಕೆಗಳಲ್ಲಿ ನೋಡಿದ್ದ ಲೆಕ್ಕವೇ ಇದು, ದಿಕ್ಕು ಮಾತ್ರ ಉಲ್ಟಾ. ಇಂಥ ಹಲವು ಜೋಡಿಗಳನ್ನು ಸೇರಿಸಿ, ಬಂದ ವಿದ್ಯುತ್ತಿನಿಂದ ಬೇರೊಂದು ಪಾತ್ರೆಯ ನೀರನ್ನೂ ವಿಭಜಿಸಿದರು.

ಹಾಗಾದರೆ ಇದು ಸುಮ್ಮನೆ ತಿರುಗುತ್ತಲೇ ಇರಬಹುದಲ್ಲ? ಮಕ್ಕಳಿಗೆ ಹೀಗೆ ಅನ್ನಿಸುವುದು ಸಹಜ, ಶಿಕ್ಷಕರು ನಿಲ್ಲಬೇಕಾದ ಜಾಗವೂ ಇದೇ. ಶಾಖ, ಬೆಳಕು, ವಿದ್ಯುತ್ತು ಒಂದರಿಂದ ಇನ್ನೊಂದಾಗುತ್ತವೆ, ಶೂನ್ಯದಿಂದ ಹುಟ್ಟುವುದಿಲ್ಲ ಎಂಬುದನ್ನು 1846ರ ತಮ್ಮ ಪುಸ್ತಕದಲ್ಲಿ ಗ್ರೋವ್ ಅವರೇ ವಿವರಿಸಿದ್ದರು.

ಇನ್ನೊಂದು ತೊಡಕನ್ನೂ ಅವರು ಕಂಡಿದ್ದರು. ಅನಿಲ, ಆಮ್ಲ, ಪ್ಲಾಟಿನಂ ಮೂರೂ ಕೂಡುವ ಜಾಗ ತೀರ ಕಿರಿದು; ಅದು ಹಿಗ್ಗದೆ ವಿದ್ಯುತ್ ಹೆಚ್ಚುವುದಿಲ್ಲ. ಇಂದಿನ ಕಾರಿನ ಇಂಧನ ಕೋಶದಲ್ಲೂ ಪ್ಲಾಟಿನಂ ಅನ್ನು ಅತಿ ಸಣ್ಣ ಕಣಗಳಾಗಿ ಹರಡುವುದು ಇದಕ್ಕಾಗಿಯೇ. ದುಬಾರಿಯೂ ಅದೇ.

ಆಮೇಲೆ ಗ್ರೋವ್ ವಕೀಲಿಗೆ ಮರಳಿದರು. 1856ರಲ್ಲಿ ವಿಷಪ್ರಾಶನದ ಆರೋಪಿ ವಿಲಿಯಂ ಪಾಮರ್ ಪರ ವಾದಿಸಿದವರಲ್ಲಿ ಅವರೂ ಒಬ್ಬರು. (ಈ ಭಾಗಕ್ಕೆ ತರಗತಿ ಪೂರ್ತಿ ಎಚ್ಚರವಾಯಿತು.) 1871ರಲ್ಲಿ ನ್ಯಾಯಾಧೀಶರಾಗಿ, 1896ರಲ್ಲಿ ತೀರಿಕೊಂಡರು. ಅವರ ಅನಿಲ ಬ್ಯಾಟರಿಯಿಂದ ಓಡುವ ವಾಹನ ಅವರ ಕಾಲದಲ್ಲಿ ಬರಲಿಲ್ಲ.

ಈಗ ಬಂದಿದೆ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಂಪನಿ 2022ರ ಮಾರ್ಚ್‌ನಲ್ಲಿ ಮಿರಾಯ್ ಕಾರಿನ ಪ್ರಾಯೋಗಿಕ ಅಧ್ಯಯನ ಆರಂಭಿಸಿತು. 5.6 ಕಿಲೋ ಹೈಡ್ರೋಜನ್ ತುಂಬಿದರೆ ಸುಮಾರು 650 ಕಿಲೋಮೀಟರ್. ತುಂಬಲು ಐದೇ ನಿಮಿಷ. ಹೊಗೆಯ ಬದಲು ನೀರು. ಇದನ್ನು ಹೇಳಿ, ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದೆ. ಒಂದು ಕಿಲೋ ಹೈಡ್ರೋಜನ್‌ಗೆ ಕನಿಷ್ಠ 9 ಲೀಟರ್ ನೀರು, ಸುಮಾರು 50 ಯೂನಿಟ್ ವಿದ್ಯುತ್. ಟ್ಯಾಂಕ್ ತುಂಬಲು ಮೂರು ಕೊಡಕ್ಕಿಂತ ತುಸು ಹೆಚ್ಚು ನೀರು, 280 ಯೂನಿಟ್ ವಿದ್ಯುತ್. ಅದರಲ್ಲಿ ಚಕ್ರಕ್ಕೆ ತಲುಪುವುದು ಮೂರನೇ ಒಂದು ಭಾಗದಷ್ಟು. ಅದೇ ವಿದ್ಯುತ್ತನ್ನು ನೇರ ಬ್ಯಾಟರಿಗೆ ತುಂಬಿದರೆ ಬಹುಪಾಲು ಚಕ್ರಕ್ಕೇ ಹೋಗುತ್ತದೆ. ಜಗತ್ತಿನ ಹೆಚ್ಚಿನ ಹೈಡ್ರೋಜನ್ ಇಂದಿಗೂ ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ ಬರುತ್ತಿದೆ, ಅಲ್ಲಿ ಹೊಗೆ ಉಂಟು.

ಕೊಡದ ಲೆಕ್ಕ ಬರೆದ ಹುಡುಗಿಗೆ ನೀರು ದೊಡ್ಡದಾಗಿ ಕಾಣಲಿಲ್ಲ, ಯೂನಿಟ್ ಕಂಡಿತು. ತಮ್ಮ ಮನೆಯ ಕರೆಂಟ್ ಬಿಲ್ಲಿನ ಎಷ್ಟು ತಿಂಗಳಿಗೆ ಅದು ಸಮ ಎಂದು ಪಕ್ಕದವಳೊಂದಿಗೆ ಕೂಡಿಸತೊಡಗಿದಳು.