ಬಂಕಿನ ಬೋರ್ಡಿನಲ್ಲಿರುವ ಹೆಸರು: ರುಡಾಲ್ಫ್ ಡೀಸೆಲ್

ಡಿಸೆಂಬರ್ ತಿಂಗಳ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬೋರಲು ಹಿಡಿದರೂ ಒಂದು ಹನಿ ಬೀಳುವುದಿಲ್ಲ. ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕುಳಿತಿರುತ್ತದೆ. ನಮ್ಮ ಮನೆಯಲ್ಲಿ ಅಮ್ಮಿ ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿ ಇಟ್ಟು ಕರಗಿಸುತ್ತಾರೆ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಕೊಬ್ಬರಿ ಎಣ್ಣೆಯ ಸ್ವಭಾವವೇ ಹಾಗೆ.

ಲಾರಿಯ ಟ್ಯಾಂಕಿನಲ್ಲಿರುವ ಡೀಸೆಲ್ ಕೂಡ ಚಳಿಗೆ ಹೀಗೆ ಹೆಪ್ಪುಗಟ್ಟುತ್ತದೆ ಎಂಬುದು ನನಗೆ ಈಚಿನವರೆಗೂ ಗೊತ್ತಿರಲಿಲ್ಲ. ಲಡಾಖ್, ಕಾರ್ಗಿಲ್ ಕಡೆ ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವುದುಂಟು. ಅಲ್ಲಿ ಸಾಧಾರಣ ಡೀಸೆಲ್ ಹಾಕಿದ ಲಾರಿ ಬೆಳಿಗ್ಗೆ ಹೊರಡುವುದೇ ಇಲ್ಲ. ಈ ವಿಷಯವನ್ನು ಓದುತ್ತಾ ಹೋದಾಗ ಇನ್ನೊಂದು ಸಂಗತಿ ತಿಳಿಯಿತು. ಪೆಟ್ರೋಲ್ ಬಂಕಿನ ಬೋರ್ಡಿನಲ್ಲಿ ದಿನಾ ನೋಡುವ ಡೀಸೆಲ್ ಎಂಬ ಪದ ಒಬ್ಬ ಮನುಷ್ಯನ ಹೆಸರು. ಆ ಮನುಷ್ಯನ ಜೀವನವನ್ನು ನನ್ನ ಗೆಳೆಯ ಗೆಳತಿಯರಿಗೂ ಹೇಳಬೇಕೆನಿಸಿ ಈ ಲೇಖನ ಬರೆಯುತ್ತಿದ್ದೇನೆ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ತಂದೆ ಥಿಯೋಡೋರ್, ತಾಯಿ ಎಲೀಸ್. ಇಬ್ಬರೂ ಜರ್ಮನಿಯ ಬವೇರಿಯ ಪ್ರಾಂತ್ಯದ ಮೂಲದವರು. ತಂದೆ ಪುಸ್ತಕಕ್ಕೆ ಬೈಂಡಿಂಗ್ ಹಾಕುವ ಕೆಲಸ ಕಲಿತವರು, ಚರ್ಮದ ಸಾಮಾನುಗಳನ್ನೂ ತಯಾರಿಸುತ್ತಿದ್ದರು. ಹುಡುಗನಿಗೆ ತಂದೆ ತಾಯಿಯ ಭಾಷೆ ಜರ್ಮನ್, ಆಡಿ ಬೆಳೆದ ಊರಿನ ಭಾಷೆ ಫ್ರೆಂಚ್. ಮನೆಯಲ್ಲಿ ಉರ್ದು, ತರಗತಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಓದುವ ನಮ್ಮಲ್ಲಿ ಅನೇಕರಿಗೆ ಇದು ಹೊಸದೇನಲ್ಲ.

1870ರಲ್ಲಿ ಫ್ರಾನ್ಸಿಗೂ ಜರ್ಮನ್ ರಾಜ್ಯಗಳಿಗೂ ಯುದ್ಧ ಶುರುವಾಯಿತು. ಪ್ಯಾರಿಸ್ಸಿನಲ್ಲಿದ್ದ ಜರ್ಮನ್ ಕುಟುಂಬಗಳು ಊರು ಬಿಡಬೇಕಾಯಿತು. ಡೀಸೆಲ್ ಕುಟುಂಬ ಲಂಡನ್ನಿಗೆ ಹೋಯಿತು. ಕೈಯಲ್ಲಿ ಹಣವಿರಲಿಲ್ಲ. ಆಗ 12 ವರ್ಷದ ರುಡಾಲ್ಫ್‌ನನ್ನು ಜರ್ಮನಿಯ ಆಗ್ಸ್‌ಬರ್ಗ್ ಊರಿನಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಿದರು. ಮನೆಯ ಯಜಮಾನ ಕ್ರಿಸ್ಟಾಫ್ ಬಾರ್ನಿಕೆಲ್ ಗಣಿತದ ಮೇಷ್ಟರು. ತಂದೆ ತಾಯಿಯನ್ನು ಬಿಟ್ಟು ದೂರದಲ್ಲಿದ್ದ ಆ ಹುಡುಗ ಓದನ್ನೇ ಆಸರೆ ಮಾಡಿಕೊಂಡ. 14ನೇ ವಯಸ್ಸಿನಲ್ಲೇ ತಾನು ಇಂಜಿನಿಯರ್ ಆಗುತ್ತೇನೆಂದು ಮನೆಗೆ ಪತ್ರ ಬರೆದ. 1875ರಲ್ಲಿ ವಿದ್ಯಾರ್ಥಿವೇತನ ಪಡೆದು ಮ್ಯೂನಿಕ್‌ನ ಪಾಲಿಟೆಕ್ನಿಕ್ ಸೇರಿದ. ಮಗ ಬೇಗ ದುಡಿಯಲಿ ಎಂದು ತಂದೆ ತಾಯಿಗೆ ಆಸೆಯಿತ್ತು. ಆದರೂ ಅವನು ಓದು ಮುಂದುವರಿಸಿದ.

ಮ್ಯೂನಿಕ್‌ನಲ್ಲಿ ಅವರಿಗೆ ಸಿಕ್ಕ ಗುರು ಕಾರ್ಲ್ ವಾನ್ ಲಿಂಡೆ. ಇಂದಿನ ಶೀತಲ ಯಂತ್ರಗಳಿಗೆ ದಾರಿ ಮಾಡಿಕೊಟ್ಟವರಲ್ಲಿ ಲಿಂಡೆ ಮುಖ್ಯರು. ಅಂದಿನ ಉಗಿ ಯಂತ್ರವು ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಹತ್ತನೇ ಒಂದು ಭಾಗವನ್ನು ಮಾತ್ರ ಕೆಲಸಕ್ಕೆ ಬಳಸುತ್ತದೆ, ಉಳಿದದ್ದು ವ್ಯರ್ಥ ಎಂಬುದನ್ನು ಡೀಸೆಲ್ ಲಿಂಡೆಯವರ ಪಾಠದಲ್ಲಿ ಕೇಳಿದರು. ಆ ಮಾತು ಅವರ ತಲೆಯಿಂದ ಹೋಗಲೇ ಇಲ್ಲ. ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಇದು ಬೇಗ ಅರ್ಥವಾಗುತ್ತದೆ. ನೂರು ರೂಪಾಯಿ ಖರ್ಚು ಮಾಡಿ ಹತ್ತು ರೂಪಾಯಿಯ ಕೆಲಸ ಪಡೆಯುವ ಅಂಗಡಿಯನ್ನು ಯಾರು ನಡೆಸುತ್ತಾರೆ?

1879ರಲ್ಲಿ ಟೈಫಾಯ್ಡ್ ಬಂದದ್ದರಿಂದ ಕೊನೆಯ ಪರೀಕ್ಷೆ ತಪ್ಪಿತು. ಅವರು ಸುಮ್ಮನೆ ಕೂರಲಿಲ್ಲ. ಸ್ವಿಟ್ಜರ್‌ಲೆಂಡಿನ ಸುಲ್ಜರ್ ಕಾರ್ಖಾನೆಯಲ್ಲಿ ಕೆಲಸ ಕಲಿತು, 1880ರ ಜನವರಿಯಲ್ಲಿ ಪರೀಕ್ಷೆ ಬರೆದು ಉನ್ನತ ಶ್ರೇಣಿಯಲ್ಲಿ ಪಾಸಾದರು. ನಂತರ ಪ್ಯಾರಿಸ್ಸಿಗೆ ಮರಳಿ ಲಿಂಡೆಯವರ ಮಂಜುಗಡ್ಡೆ ಕಾರ್ಖಾನೆಯಲ್ಲಿ ಸೇರಿದರು. ಒಂದು ವರ್ಷದಲ್ಲಿ ಅದರ ಮುಖ್ಯಸ್ಥರೂ ಆದರು. 1883ರಲ್ಲಿ ಮಾರ್ಥಾ ಫ್ಲಾಷೆ ಅವರನ್ನು ಮದುವೆಯಾದರು. ಮೂವರು ಮಕ್ಕಳಾದರು. 1890ರಲ್ಲಿ ಕುಟುಂಬ ಬರ್ಲಿನ್ನಿಗೆ ಹೋಯಿತು.

ಹಗಲು ಮಂಜುಗಡ್ಡೆಯ ಕೆಲಸ ಮಾಡಿಕೊಂಡು ಉಳಿದ ಹೊತ್ತಿನಲ್ಲಿ ಅವರು ಹೊಸ ಯಂತ್ರದ ಲೆಕ್ಕ ಹಾಕುತ್ತಿದ್ದರು. ಮೊದಲು ಅಮೋನಿಯಾ ಆವಿಯಿಂದ ನಡೆಯುವ ಯಂತ್ರವನ್ನು ಪ್ರಯತ್ನಿಸಿದರು. ಅದು ಸಿಡಿದು ಗಾಯಗೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಆಮೇಲೆ ಹೊಳೆದದ್ದೇ ಇಂದಿನ ಇಂಜಿನ್ನಿನ ತತ್ವ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನಾವೆಲ್ಲ ಗಮನಿಸಿದ್ದೇವೆ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಸಿಲಿಂಡರಿನೊಳಗೆ ಗಾಳಿಯನ್ನು ಬಹಳ ಬಲವಾಗಿ ಒತ್ತಿ, ಆ ಬಿಸಿ ಗಾಳಿಗೆ ಎಣ್ಣೆಯನ್ನು ಬಿಟ್ಟರೆ ಅದು ತಾನೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಇಂಜಿನ್ನಿನಲ್ಲಿರುವಂತೆ ಕಿಡಿ ಹಚ್ಚುವ ಪ್ಲಗ್ ಇಲ್ಲಿ ಬೇಕಿಲ್ಲ.

1892ರಲ್ಲಿ ಈ ಯೋಚನೆಗೆ ಪೇಟೆಂಟ್ ಕೋರಿ ಅರ್ಜಿ ಹಾಕಿದರು, ಮರುವರ್ಷ ಸಿಕ್ಕಿತು. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯ ಮುಖ್ಯಸ್ಥ ಹೈನ್ರಿಶ್ ವಾನ್ ಬುಜ್ ಅವರು ಪ್ರಯೋಗಕ್ಕೆ ಜಾಗ ಕೊಟ್ಟರು, ಕ್ರುಪ್ ಕಂಪನಿ ಹಣದ ನೆರವು ಕೊಟ್ಟಿತು. 1893ರ ಆಗಸ್ಟ್ 10ರಂದು ಮೊದಲ ಪ್ರಯೋಗ. ಎಣ್ಣೆ ಹೊತ್ತಿಕೊಂಡಿತು, ಆದರೆ ಒತ್ತಡ ಅಳೆಯುವ ಸಲಕರಣೆ ಸಿಡಿದುಹೋಯಿತು. ಯೋಚನೆ ಸರಿ ಎಂದು ತಿಳಿಯಿತು, ಯಂತ್ರ ಮಾತ್ರ ನಡೆಯಲಿಲ್ಲ. 1894ರ ಫೆಬ್ರವರಿ 17ರಂದು ಅದು ಸುಮಾರು ಒಂದು ನಿಮಿಷ ತಾನಾಗಿ ಓಡಿತು. ಆ ಒಂದು ನಿಮಿಷವನ್ನು ನಂಬಿ ಇನ್ನೂ ಮೂರು ವರ್ಷ ದುಡಿದರು. 1897ರ ಫೆಬ್ರವರಿ 17ರಂದು ಪ್ರೊಫೆಸರ್ ಮೋರಿಟ್ಜ್ ಶ್ರೋಟರ್ ಯಂತ್ರವನ್ನು ಅಧಿಕೃತವಾಗಿ ಪರೀಕ್ಷಿಸಿದಾಗ ಇಂಧನದ ಶಾಖದಲ್ಲಿ 26.2 ಶೇಕಡ ಕೆಲಸವಾಗಿ ಬರುತ್ತಿತ್ತು. ಉಗಿ ಯಂತ್ರಕ್ಕಿಂತ ಎರಡು ಪಟ್ಟಿಗೂ ಹೆಚ್ಚು! ಆ ಯಂತ್ರ ಇಂದು ಮ್ಯೂನಿಕ್‌ನ ಡಾಯ್ಚಸ್ ವಸ್ತುಸಂಗ್ರಹಾಲಯದಲ್ಲಿದೆ.

ಇದರಿಂದ ಹಣ ಹರಿದು ಬಂತು. ಅಮೆರಿಕದಲ್ಲಿ ಈ ಇಂಜಿನ್ ಮಾಡುವ ಹಕ್ಕನ್ನು ಅಡಾಲ್ಫಸ್ ಬುಶ್ ಎಂಬ ಉದ್ಯಮಿ ಹತ್ತು ಲಕ್ಷ ಮಾರ್ಕ್ ಕೊಟ್ಟು ಕೊಂಡರು. ಡೀಸೆಲ್ ಮ್ಯೂನಿಕ್‌ನಲ್ಲಿ ದೊಡ್ಡ ಬಂಗಲೆ ಕಟ್ಟಿಸಿದರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರ ಇಂಜಿನ್ನಿಗೆ ಅತ್ಯುನ್ನತ ಬಹುಮಾನ ಬಂತು. ಚಿಕ್ಕಂದಿನಲ್ಲಿ ಹೊರಹಾಕಿಸಿಕೊಂಡ ಊರಿನಲ್ಲೇ ಆ ಗೌರವ ಸಿಕ್ಕಿತು. ಅದೇ ಪ್ರದರ್ಶನದಲ್ಲಿ ಒಂದು ಡೀಸೆಲ್ ಇಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಲಾಯಿತು. ಬೀಜದ ಎಣ್ಣೆಗಳು ಮುಂದೊಂದು ದಿನ ಕಲ್ಲೆಣ್ಣೆಯಷ್ಟೇ ಮುಖ್ಯವಾಗಬಹುದು ಎಂದು ಅವರು ಕೊನೆಯ ವರ್ಷಗಳಲ್ಲಿ ಹೇಳಿದ್ದರು. ನಮ್ಮ ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಹೊಂಗೆ ಬೀಜದ ಎಣ್ಣೆಯ ಮೇಲೆ ನಡೆದ ಕೆಲಸ ಇದೇ ದಾರಿಯದು.

ಸಣ್ಣ ಕಸುಬುದಾರನಿಗೂ ಕೈಗೆಟಕುವ ಯಂತ್ರ ಸಿಕ್ಕಿದರೆ ದೊಡ್ಡ ಕಾರ್ಖಾನೆಗಳ ಎದುರು ಅವನೂ ಬದುಕಬಲ್ಲ ಎಂಬುದು ಡೀಸೆಲ್ ಅವರ ಕನಸಾಗಿತ್ತು. ಕಾರ್ಮಿಕರು ಒಟ್ಟಿಗೆ ಹಣ ಕೂಡಿಸಿ ತಾವೇ ಉದ್ಯಮ ನಡೆಸಬೇಕೆಂದು 1903ರಲ್ಲಿ ಒಂದು ಪುಸ್ತಕವನ್ನೂ ಬರೆದರು. ಅದನ್ನು ಕೊಂಡು ಓದಿದವರು ಕಡಿಮೆ. ಇಂಜಿನ್ ಮಾತ್ರ ಹಡಗು, ಜಲಾಂತರ್ಗಾಮಿ, ಕಾರ್ಖಾನೆಗಳಿಗೆ ಹೋಯಿತು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯ ಎಂಬ ಹಡಗು ಡೀಸೆಲ್ ಇಂಜಿನ್ನಿನಿಂದ ಬ್ಯಾಂಕಾಕ್‌ವರೆಗೆ ಹೊರಟಿತು.

ಇಲ್ಲಿಂದ ಮುಂದಿನದು ದುಃಖದ ಕಥೆ. ಪೇಟೆಂಟ್ ಎನ್ನುವುದು ಕಣ್ಣಿಗೆ ಕಾಣದ ಆಸ್ತಿ, ಅದಕ್ಕೆ ಆಯುಷ್ಯವಿದೆ ಎಂದು ನಾವು ಅಕೌಂಟೆನ್ಸಿಯಲ್ಲಿ ಓದುತ್ತೇವೆ. ಡೀಸೆಲ್ ಅವರ ಪೇಟೆಂಟಿನ ಅವಧಿ ಮುಗಿಯಿತು. ಇಂಜಿನ್ ನಿಜವಾಗಿ ಅವರದೇ ಹೌದೇ ಎಂದು ಕೆಲವರು ತಕರಾರು ತೆಗೆದರು. ತೈಲದ ಬಾವಿ ಮತ್ತು ಜಮೀನಿನಲ್ಲಿ ಹಾಕಿದ ಹಣ ಮುಳುಗಿತು. ಆರೋಗ್ಯ ಕೆಟ್ಟಿತು, ತಲೆನೋವು ಕಾಡಿತು. ಹೊರಗೆ ದೊಡ್ಡ ಬಂಗಲೆ, ದೊಡ್ಡ ಹೆಸರು. ಒಳಗೆ ಲೆಕ್ಕದ ಪುಸ್ತಕ ಬರಿದಾಗುತ್ತಿತ್ತು. ಅದನ್ನು ಅವರು ಮನೆಯವರಿಗೂ ಪೂರ್ತಿ ಹೇಳಲಿಲ್ಲ.

1913ರ ಸೆಪ್ಟೆಂಬರ್ 29ರ ಸಂಜೆ ಆಂಟ್‌ವರ್ಪ್ ಬಂದರಿನಲ್ಲಿ ಡ್ರೆಸ್ಡೆನ್ ಎಂಬ ಹಡಗು ಹತ್ತಿದರು. ಲಂಡನ್ನಿನಲ್ಲಿ ಕಂಪನಿಯ ಸಭೆ ಇತ್ತು. ಜೊತೆಗಿದ್ದವರೊಂದಿಗೆ ಊಟ ಮಾಡಿ, ಬೆಳಿಗ್ಗೆ ಆರೂಕಾಲಿಗೆ ಎಬ್ಬಿಸಲು ಹೇಳಿ ರಾತ್ರಿ ಹತ್ತರ ಹೊತ್ತಿಗೆ ಕೋಣೆಗೆ ಹೋದರು. ಬೆಳಿಗ್ಗೆ ನೋಡಿದರೆ ಹಾಸಿಗೆ ಹಾಗೇ ಇತ್ತು. ಅವರ ಟೋಪಿ ಮತ್ತು ಕೋಟು ಹಡಗಿನ ಕಟಕಟೆಯ ಬಳಿ ಸಿಕ್ಕವು. ಕೆಲವು ದಿನಗಳ ನಂತರ ಡಚ್ ಹಡಗೊಂದರ ನಾವಿಕರಿಗೆ ಸಮುದ್ರದಲ್ಲಿ ಶವ ಕಂಡಿತು. ಅದರ ಮೇಲಿದ್ದ ಚಿಕ್ಕಪುಟ್ಟ ಸಾಮಾನುಗಳನ್ನು ನೋಡಿ ಮಗ ಯೂಜೆನ್ ಅದು ತಂದೆಯದೆಂದು ಗುರುತಿಸಿದರು. ವಯಸ್ಸು 55. ಆತ್ಮಹತ್ಯೆ ಎಂದು ಹೆಚ್ಚಿನವರು, ಕೊಲೆ ಎಂದು ಕೆಲವರು ಹೇಳುತ್ತಾರೆ. ಆ ರಾತ್ರಿ ಏನಾಯಿತೆಂದು ಅಲ್ಲಾಹನಿಗೇ ಗೊತ್ತು, ನಾವು ತೀರ್ಪು ಕೊಡುವುದು ಸರಿಯಲ್ಲ. ಬ್ಯಾಂಕಿನ ಖಾತೆಗಳು ಹೆಚ್ಚುಕಡಿಮೆ ಖಾಲಿ ಎಂಬುದು ಪತ್ನಿಗೆ ತಿಳಿದದ್ದು ಅವರು ಹೋದ ಮೇಲೆ.

ಅವರ ಹೆಸರು ಮಾತ್ರ ಬೆಳೆಯಿತು. 1936ರಲ್ಲಿ ಮರ್ಸಿಡಿಸ್ ಬೆಂಜ್ ಡೀಸೆಲ್ ಕಾರನ್ನು ಮಾರುಕಟ್ಟೆಗೆ ತಂದಿತು. ಲಾರಿ, ಬಸ್ಸು, ಟ್ರ್ಯಾಕ್ಟರ್, ಜನರೇಟರ್ ಎಲ್ಲವೂ ಈ ಇಂಜಿನ್ನಿಗೆ ಬಂದವು. ಹಿಮ ಬೀಳುವ ಊರುಗಳಿಗೂ ಹೋದವು. ಅಲ್ಲಿ ಚಳಿಯ ತೊಂದರೆ ಎದುರಾಯಿತು. ಡೀಸೆಲ್‌ನಲ್ಲಿ ಮೇಣದ ಅಂಶವಿದೆ. ಬೆಚ್ಚಗಿರುವಾಗ ಅದು ಎಣ್ಣೆಯಲ್ಲಿ ಕರಗಿರುತ್ತದೆ. ತಣ್ಣಗಾದಂತೆ ಮೊದಲು ಎಣ್ಣೆ ಮಬ್ಬಾಗುತ್ತದೆ, ಆಮೇಲೆ ಮೇಣ ತೆಳ್ಳಗಿನ ಹರಳುಗಳಾಗಿ ಫಿಲ್ಟರನ್ನು ಮುಚ್ಚುತ್ತದೆ, ಕೊನೆಗೆ ಎಣ್ಣೆಯೇ ಹರಿಯುವುದಿಲ್ಲ. ಮಂಜುಗಡ್ಡೆ ಕಾರ್ಖಾನೆಯಿಂದ ಬದುಕು ಶುರು ಮಾಡಿದವರ ಇಂಜಿನ್ನಿಗೆ ಶೀತವೇ ಶತ್ರುವಾಯಿತು.

ಇದಕ್ಕೆ ಮೂರು ಉಪಾಯಗಳಿವೆ. ಒಂದು, ರಿಫೈನರಿಯಲ್ಲೇ ಮೇಣ ಕಡಿಮೆ ಇರುವ ಚಳಿಗಾಲದ ಡೀಸೆಲ್ ತಯಾರಿಸುವುದು. ಜರ್ಮನಿಯಲ್ಲಿ ಚಳಿಗಾಲದ ಡೀಸೆಲ್ ಸೊನ್ನೆಗಿಂತ 20 ಡಿಗ್ರಿ ಕೆಳಗೂ ಫಿಲ್ಟರ್ ದಾಟಬೇಕು ಎಂಬ ನಿಯಮವಿದೆ. ನಮ್ಮಲ್ಲಿ ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಲಡಾಖ್‌ಗೆ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಡೀಸೆಲ್ ತಂದಿತು. ಅದು ಪಾಣಿಪತ್ ರಿಫೈನರಿಯಲ್ಲಿ ತಯಾರಾದದ್ದು. ಎರಡು, ಸೀಮೆಎಣ್ಣೆ ಬೆರೆಸುವುದು. ಹಿಂದೆ ಚಳಿ ಪ್ರದೇಶಗಳಲ್ಲಿ ಹೀಗೇ ಮಾಡುತ್ತಿದ್ದರು. ಆದರೆ ಸೀಮೆಎಣ್ಣೆಯಲ್ಲಿ ಜಿಡ್ಡು ಕಡಿಮೆ, ಪಂಪು ಬೇಗ ಸವೆಯುತ್ತದೆ. ಮೂರು, ಅಳತೆ ನೋಡಿ ಸ್ವಲ್ಪವೇ ಸ್ವಲ್ಪ ರಾಸಾಯನಿಕ ಸೇರಿಸುವುದು. ಈ ರಾಸಾಯನಿಕ ಮೇಣವನ್ನು ಇಲ್ಲವಾಗಿಸುವುದಿಲ್ಲ. ಹರಳುಗಳು ದೊಡ್ಡದಾಗಿ ಒಂದಕ್ಕೊಂದು ಹೆಣೆದುಕೊಳ್ಳದಂತೆ ತಡೆಯುತ್ತದೆ. ಚಿಕ್ಕ ಹರಳುಗಳ ನಡುವೆ ಎಣ್ಣೆ ಹರಿಯುತ್ತದೆ. ಒಂದು ಷರತ್ತು ಮಾತ್ರ ಮುಖ್ಯ: ಎಣ್ಣೆ ಬೆಚ್ಚಗಿರುವಾಗಲೇ ಅದನ್ನು ಬೆರೆಸಬೇಕು. ಹೆಪ್ಪುಗಟ್ಟಿದ ಮೇಲೆ ಸುರಿದರೆ ಅದರಿಂದ ಪ್ರಯೋಜನವಿಲ್ಲ, ಟ್ಯಾಂಕನ್ನು ಬಿಸಿ ಮಾಡಲೇಬೇಕು.

ಈ ಷರತ್ತನ್ನು ಓದಿದಾಗ ನನಗೆ ಮತ್ತೆ ಡೀಸೆಲ್ ಅವರೇ ನೆನಪಾದರು. ಅವರ ಬುದ್ಧಿಗೆ ಕೊರತೆ ಇರಲಿಲ್ಲ. ಸಿಡಿದ ಯಂತ್ರದ ಎದುರು ಮತ್ತೆ ಮತ್ತೆ ನಿಂತ ಧೈರ್ಯವಂತರು. ಆದರೆ ಸೋಲಿನ ಲೆಕ್ಕವನ್ನು ಮನೆಯಲ್ಲಿ ಬಿಚ್ಚಿಡುವ ಧೈರ್ಯ ಅವರಿಗೆ ಬರಲಿಲ್ಲ. ನಾವೂ ಹೀಗೆಯೇ. ಕಡಿಮೆ ಅಂಕ, ಕಟ್ಟದ ಫೀಸು, ಮನೆಯ ಸಾಲ, ಮನಸ್ಸಿನ ಬೇಸರ ಇವನ್ನೆಲ್ಲ ಬ್ಯಾಗಿನ ಅಡಿಯಲ್ಲಿ ಮುಚ್ಚಿಟ್ಟು ತರಗತಿಯಲ್ಲಿ ನಗುತ್ತಾ ಕೂರುತ್ತೇವೆ. ಮಾತು ಪೂರ್ತಿ ಹೆಪ್ಪುಗಟ್ಟುವ ಮೊದಲೇ ಅಮ್ಮಿಗೋ ಅಬ್ಬಾಗೋ, ನಂಬಿಕೆಯ ಲೆಕ್ಚರರಿಗೋ, ಪಕ್ಕದ ಬೆಂಚಿನ ಗೆಳೆಯನಿಗೋ ಹೇಳಿಬಿಡೋಣ. ಪಕ್ಕದವರು ಹೇಳಲು ಬಂದರೆ ನಾವೂ ಕೂತು ಕೇಳೋಣ.

ಮುಂದಿನ ಸಲ ಬಂಕಿನ ಎದುರು ಬಸ್ಸು ನಿಂತಾಗ ಬೋರ್ಡಿನಲ್ಲಿರುವ ಆ ಹೆಸರನ್ನು ಒಮ್ಮೆ ನೋಡಿ. ಇಂಧನದ ದರದ ಜೊತೆಗೆ ಆ ಮನುಷ್ಯನೂ ನೆನಪಾಗಲಿ.