ರಾಬರ್ಟ್ ಮೆಕ್ಯಾರಿಸನ್ ವೈದ್ಯರ ಚರಿತ್ರೆ

ಹೊತ್ತು ಮುಳುಗಿದ ಮೇಲೆ ಕೂಸು ದಾರಿ ಕಾಣದೆ ಗೋಡೆ ತಡವಿದರೆ ಅದು ಹಣೆಬರಹವೆಂದೂ, ಬಾಯಿಯ ಮೂಲೆಗಳು ಸೀಳಿ ಉರಿದರೆ ಅದು ಉಷ್ಣವೆಂದೂ, ಬಾಣಂತಿಯ ಮುಖವು ಬಿಳಿಚಿಕೊಂಡರೆ ಅದು ಹೆಣ್ಣುಜನ್ಮದ ಪಾಡೆಂದೂ ಹೇಳಿ ಸುಮ್ಮನಾಗುವದು ನಮ್ಮಲ್ಲಿ ಬಹಳ ಕಾಲದ ವಾಡಿಕೆ. ಈ ರೋಗಗಳನ್ನು ಹೊರಗಿನಿಂದ ಯಾರೂ ತಂದು ಹಾಕಿದ್ದಲ್ಲ. ಹೆಚ್ಚಾಗಿ ಇವು ತಟ್ಟೆಯಲ್ಲಿ ಇಲ್ಲದ ವಸ್ತುವಿನಿಂದ ಹುಟ್ಟುವವು. ಹೊಟ್ಟೆ ತುಂಬ ಉಂಡವನೂ ಒಂದು ವಿಧದಲ್ಲಿ ಹಸಿದೇ ಇರಬಹುದೆಂಬ ಈ ಸತ್ಯವನ್ನು ಹಿಂದೂದೇಶದಲ್ಲಿ ಬಹು ಶ್ರಮದಿಂದ ತೋರಿಸಿಕೊಟ್ಟವರಲ್ಲಿ ರಾಬರ್ಟ್ ಮೆಕ್ಯಾರಿಸನ್ ವೈದ್ಯರು ಮುಖ್ಯರು. ಕನ್ನಡಿಗರ ಊಟವನ್ನೂ ಅವರು ಒಮ್ಮೆ ಪರೀಕ್ಷೆಗೆ ಇಟ್ಟರಾದ್ದರಿಂದ ಅವರ ಚರಿತ್ರೆಯನ್ನು ನಾವು ತಿಳಿಯುವದು ಯುಕ್ತವಾಗಿದೆ.

ಇವರು 1878ನೇ ಇಸವಿಯಲ್ಲಿ ಐರ್ಲೆಂಡ್ ದೇಶದ ಪೋರ್ಟಡೌನ್ ಎಂಬ ಊರಿನಲ್ಲಿ ಹುಟ್ಟಿದರು. ಬೆಲ್‌ಫಾಸ್ಟ್ ಪಟ್ಟಣದಲ್ಲಿ ವೈದ್ಯವಿದ್ಯೆಯನ್ನು ಕಲಿತು 1900ರಲ್ಲಿ ಪದವಿ ಪಡೆದು, ಮರುವರುಷವೇ ಸರಕಾರದ ವೈದ್ಯಕೀಯ ಸೇವೆಯನ್ನು ಸೇರಿ ಈ ದೇಶಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತಮೂರು ವರುಷ. ಬಡಗಣ ಗಡಿಯ ಬೆಟ್ಟಗಳಲ್ಲಿ ಅವರಿಗೆ ಕೆಲಸ ದೊರಕಿತು.

1904ರಿಂದ 1911ರ ವರೆಗೆ ಅವರು ಗಿಲ್ಗಿಟ್ ಸೀಮೆಯಲ್ಲಿ ವೈದ್ಯರಾಗಿದ್ದರು. ಅಲ್ಲಿನ ಜನರಲ್ಲಿ ಗಳಗಂಡ ರೋಗವು ಹೆಚ್ಚಾಗಿತ್ತು. ಒಂದೇ ನೀರಿನಿಂದ ಕುಡಿಯುವ ಹಳ್ಳಿಗಳಲ್ಲಿ ಮೇಲುಗಡೆಯ ಹಳ್ಳಿಗೆ ರೋಗ ಕಡಿಮೆ, ಕೆಳಗಡೆಯ ಹಳ್ಳಿಗೆ ಹೆಚ್ಚು ಎಂಬದನ್ನು ಅವರು ಕಂಡರು. ಆಗ ಅವರು ಇತರರ ಮೇಲೆ ಮಾತ್ರ ಪರೀಕ್ಷೆ ಮಾಡದೆ, ಆ ನೀರಿನಲ್ಲಿ ತೇಲುವ ಕೊಳೆಯನ್ನು ಸೋಸಿ ತೆಗೆದು ತಾವೂ ಕುಡಿದರು, ಇಷ್ಟಪಟ್ಟು ಮುಂದೆ ಬಂದ ಕೆಲವರಿಗೂ ಕೊಟ್ಟರು. ಕೆಲವು ವಾರಗಳಲ್ಲಿ ಅವರಲ್ಲಿ ಕೆಲವರ ಕುತ್ತಿಗೆ ಊದಿತು. ಅದನ್ನೇ ಕುದಿಸಿ ಕುಡಿದವರಿಗೆ ಏನೂ ಆಗಲಿಲ್ಲ. ಇದರಿಂದ ನೀರಿನ ಕೊಳೆಯೇ ರೋಗಕ್ಕೆ ಮೂಲವೆಂದು ಅವರು ತೀರ್ಮಾನಿಸಿದರು. ಆದರೆ ಗಳಗಂಡದ ಮುಖ್ಯ ಕಾರಣವು ಅಯೋಡಿನ್ ಎಂಬ ವಸ್ತುವಿನ ಕೊರತೆಯೆಂದು ಈಗ ನಿಶ್ಚಯವಾಗಿ ತಿಳಿದಿದೆ. ಆದಕಾರಣವೇ ಇಂದು ಉಪ್ಪಿಗೆ ಅಯೋಡಿನ್ ಬೆರಸಿ ಮಾರುವರು. ಶ್ರಮಪಟ್ಟು ಸತ್ಯವನ್ನು ಹುಡುಕುವವನೂ ಅರ್ಧ ದಾರಿಯಲ್ಲಿ ತಪ್ಪಬಹುದೆಂಬದನ್ನು ಇಲ್ಲಿ ನೋಡುತ್ತೇವೆ.

ಹಾಗಾದರೂ ಆ ಬೆಟ್ಟಗಳು ಅವರಿಗೆ ಒಂದು ದೊಡ್ಡ ಪ್ರಶ್ನೆಯನ್ನು ಕೊಟ್ಟವು. ಅಕ್ಕಪಕ್ಕದ ಸೀಮೆಗಳಲ್ಲಿ ವಾಸಿಸುವ ಜನರೊಳಗೆ ಕೆಲವರು ಗಟ್ಟಿಮುಟ್ಟಾಗಿಯೂ ಕೆಲವರು ಬಲಹೀನರಾಗಿಯೂ ಇರುವದು ಯಾಕೆ? ಅದು ಕುಲದಿಂದ ಬಂದದ್ದೋ, ಊಟದಿಂದ ಬಂದದ್ದೋ? ಈ ಪ್ರಶ್ನೆಯ ಹಿಂದೆಯೇ ಅವರ ಉಳಿದ ಆಯುಷ್ಯವು ಹೋಯಿತು.

ಮೊದಲನೆಯ ಮಹಾಯುದ್ಧವು ಮುಗಿಯುವ ಕಾಲಕ್ಕೆ, ಅಂದರೆ 1918ರಲ್ಲಿ, ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದೇ ಕೋಣೆಯಲ್ಲಿ ಬೆರಿಬೆರಿ ರೋಗದ ವಿಚಾರಣೆಯನ್ನು ಅವರು ಆರಂಭಿಸಿದರು. ಬೆರಿಬೆರಿ ಎಂದರೆ ಕಾಲುಗಳು ಜೋಮು ಹಿಡಿದು, ಮೈ ಊದಿ, ಹೃದಯವು ಸೋತು ಮನುಷ್ಯನು ಸಾಯುವ ರೋಗ. ಯಂತ್ರದಲ್ಲಿ ತಿಕ್ಕಿ ಬೆಳ್ಳಗೆ ಮಾಡಿದ ಅಕ್ಕಿಯನ್ನೇ ಉಣ್ಣುವವರಿಗೆ ಇದು ಬರುವದು. ಯಾಕಂದರೆ ತವುಡಿನ ಸಂಗಡ ಬಿ1 ಎಂಬ ಜೀವಸತ್ವವೂ ಹೋಗಿಬಿಡುವದು. ತೆಲುಗು ಕರಾವಳಿಯ ಉತ್ತರ ಜಿಲ್ಲೆಗಳಲ್ಲಿ ಈ ರೋಗವು ಕಾಣಿಸಿಕೊಂಡಿತು. ಆದರೆ ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟುವ ಕುಸುಬಲಕ್ಕಿಯ ನಾಡುಗಳಲ್ಲಿ ಕಾಣಲಿಲ್ಲ. ಬೇಯಿಸುವಾಗ ಆ ಸತ್ವವು ಕಾಳಿನೊಳಕ್ಕೆ ಇಳಿಯುವದೇ ಇದಕ್ಕೆ ಕಾರಣ. ಮೆಕ್ಯಾರಿಸನ್‌ರವರು ಪಾರಿವಾಳ, ಕೋತಿ, ಇಲಿಗಳಿಗೆ ಸತ್ವಹೀನ ಆಹಾರವನ್ನು ತಿನ್ನಿಸಿ, ಕೊರತೆಯು ನರಗಳನ್ನು ಮಾತ್ರವಲ್ಲ, ಹೊಟ್ಟೆ ಕರುಳುಗಳನ್ನೂ ಕೆಡಿಸುವದೆಂದು ತೋರಿಸಿದರು. 1921ರಲ್ಲಿ ಈ ವಿಷಯವಾಗಿ ಗ್ರಂಥವನ್ನೂ ಪ್ರಕಟಿಸಿದರು.

1923ರಲ್ಲಿ ಸರಕಾರವು ಖರ್ಚು ಕಡಿಮೆ ಮಾಡಬೇಕೆಂದು ಈ ವಿಚಾರಣೆಯನ್ನು ನಿಲ್ಲಿಸಿತು. ಪ್ರಜೆಗಳ ಊಟದ ವಿಚಾರವೇ ಮೊದಲು ಬಿಡಬಹುದಾದ ಖರ್ಚೆಂದು ಆಳುವವರಿಗೆ ತೋರಿದ್ದು ದುಃಖಕರ. ಎರಡು ವರುಷಗಳಾದ ಮೇಲೆ, 1925ರಲ್ಲಿ, ಕೆಲಸವು ಪುನಃ ಆರಂಭವಾಯಿತು. ದೇಶದ ರೋಗಗಳಿಗೆಲ್ಲಾ ಕೆಟ್ಟ ಆಹಾರವೇ ಬಹು ವ್ಯಾಪಕವಾದ ಕಾರಣವೆಂದು ಅವರು ಮುಂದೆ ವ್ಯವಸಾಯದ ವಿಚಾರಣಾ ಮಂಡಲಿಯ ಎದುರಿನಲ್ಲಿ ಧೈರ್ಯವಾಗಿ ತಿಳಿಸಿದರು.

ಈ ಕಾಲದಲ್ಲಿಯೇ ಅವರ ಪ್ರಸಿದ್ಧ ಪರೀಕ್ಷೆಯು ನಡೆಯಿತು. ಒಂದೇ ವಯಸ್ಸಿನ, ಒಂದೇ ತೂಕದ ಎಳೆಯ ಇಲಿಗಳನ್ನು ಇಪ್ಪತ್ತಿಪ್ಪತ್ತರಂತೆ ಏಳು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಜನಾಂಗದ ಊಟವನ್ನು ಹಾಕಿದರು. ಕೊನೆಗೆ ತೂಗಿದಾಗ ಸಿಖ್ಖರ ಊಟವನ್ನು ತಿಂದ ಇಲಿಯ ಸರಾಸರಿ ತೂಕ 235 ಗ್ರಾಂ, ಪಠಾಣರದು 230, ಮರಾಠರದು 225, ಗೂರ್ಖರದು 200, ಕನ್ನಡಿಗರದು 185, ಬಂಗಾಳದವರದು 180, ಮದ್ರಾಸಿನವರದು 155. ಕನ್ನಡಿಗರ ಊಟಕ್ಕೆ ಐದನೆಯ ಸ್ಥಾನ ದೊರಕಿತು. ಇಲಿಗಳೆಲ್ಲಾ ಒಂದೇ ಜಾತಿಯವು, ಬೇರೆಯಾದದ್ದು ಊಟವೊಂದೇ. ಮೈಕಟ್ಟು ಹುಟ್ಟಿನಿಂದ ಮಾತ್ರ ಬರುವದೆಂದು ಜಂಬಪಡುವವರಿಗೂ, ತಮ್ಮ ಕುಲವೇ ಬಲಹೀನವೆಂದು ಕುಗ್ಗುವವರಿಗೂ ಇದು ತಕ್ಕ ಉತ್ತರ.

ಆದಾಗ್ಯೂ ಎಚ್ಚರಿಕೆ ಬೇಕು. ಇಲಿಯು ಮನುಷ್ಯನಲ್ಲ. ಕನ್ನಡ ನಾಡಿನಲ್ಲಿ ಊಟವೂ ಒಂದೇ ಬಗೆಯದಲ್ಲ: ಕರಾವಳಿಗೆ ಕುಸುಬಲಕ್ಕಿ, ಬಡಗಣಕ್ಕೆ ಜೋಳದ ರೊಟ್ಟಿ, ನಮಗೆ ರಾಗಿಯ ಮುದ್ದೆ. ಒಂದು ತಟ್ಟೆಯ ಲೆಕ್ಕವನ್ನು ಎಲ್ಲರ ಮೇಲೂ ಹೊರಿಸಬಾರದು. ಗೆದ್ದ ಊಟದಲ್ಲಿ ಇಡೀ ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಕಾಳು, ತರಕಾರಿಗಳು ಇದ್ದವು. ಹಾಲು ಬೆಣ್ಣೆ ಕೊಳ್ಳಲಾರದ ಕೂಲಿಯವನಿಗೆ ಇದನ್ನು ಬರೀ ಬುದ್ಧಿಮಾತಾಗಿ ಹೇಳಿದರೆ ಅದು ನಿಷ್ಠುರವಾಗುವದು. ಕೊರತೆಯ ರೋಗಗಳ ಹಿಂದೆ ಅಜ್ಞಾನದಷ್ಟೇ ಬಡತನವೂ ನಿಂತಿದೆ.

1928ರಲ್ಲಿ ಕೂನೂರಿನ ಆ ಕೆಲಸಕ್ಕೆ ಆಹಾರ ಸಂಶೋಧನಾಲಯವೆಂಬ ಹೆಸರು ಬಂದಿತು. 1933ರಲ್ಲಿ ಅವರಿಗೆ ಸರ್ ಪದವಿ ದೊರಕಿತು. 1935ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಹೋದರು, 1960ರಲ್ಲಿ ತೀರಿಕೊಂಡರು. ಅವರು ಒಂದು ಕೋಣೆಯಲ್ಲಿ ನೆಟ್ಟ ಸಸಿಯು 1958ರಲ್ಲಿ ಹೈದರಾಬಾದಿಗೆ ಸಾಗಿ, ಇಂದು ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ದೊಡ್ಡ ಮರವಾಗಿದೆ.

ಪ್ರಿಯ ವಾಚಕರೇ, ಕೊಡಿಗೇನಹಳ್ಳಿಯ ಕಡೆಯ ನಾವು ಈ ಚರಿತ್ರೆಯಿಂದ ಏನು ಕಲಿಯಬೇಕು? ನಮ್ಮ ರಾಗಿಯನ್ನು ಹೀನವೆಂದು ಬಿಟ್ಟು ಬೆಳ್ಳಕ್ಕಿಗೆ ತಿರುಗಬಾರದು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವುಂಟು; ಎಲುಬಿಗೆ ಅದು ಬೇಕು. ಆದರೆ ಮುದ್ದೆಗೆ ಬರೀ ಖಾರದ ನೀರು ಸಾಲದು. ಕಣ್ಣಿಗೆ ಬೇಕಾದ ಎ ಜೀವಸತ್ವಕ್ಕೂ, ವಸಡಿನಲ್ಲಿ ರಕ್ತ ಸೋರುವ ಸ್ಕರ್ವಿ ರೋಗವನ್ನು ತಡೆಯುವ ಸಿ ಜೀವಸತ್ವಕ್ಕೂ ರಾಗಿಯನ್ನು ನಂಬುವಂತಿಲ್ಲ. ಬೇಲಿಯ ನುಗ್ಗೆಸೊಪ್ಪು ಇವೆರಡನ್ನೂ ಕೊಡುವದು. ಸಾರಿಗೆ ತುಸು ಎಣ್ಣೆ ಬಿದ್ದರೆ ಎ ಸತ್ವವು ಮೈಗೆ ಚೆನ್ನಾಗಿ ಹತ್ತುವದು. ಒಂದು ನೆಲ್ಲಿಕಾಯಿ, ಒಂದು ಹಿಡಿ ಮೊಳಕೆ ಹುರುಳಿ ಸಿ ಸತ್ವವನ್ನು ಕೊಡುವವು. ಬಾಯಿಯ ಮೂಲೆ ಸೀಳುವವರಿಗೆ ಹಾಲು ಮಜ್ಜಿಗೆ, ಸೊಪ್ಪು ಕಾಳುಗಳು ಒಳ್ಳೆಯವು. ಮೊಟ್ಟೆ ತಿನ್ನುವವರು ಮಕ್ಕಳಿಗೆ ಅದನ್ನು ಕೊಡಲಿ. ಆದರೆ ಮುಖ ಬಿಳಿಚಿದ ಬಾಣಂತಿಗೆ ಸೊಪ್ಪೊಂದೇ ಸಾಕೆನ್ನದೆ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಗಳನ್ನು ನುಂಗಿಸಬೇಕು.

ತಾಯಂದಿರೇ, ಒಂಬತ್ತು ತಿಂಗಳಿನಿಂದ ಐದು ವರುಷದ ವರೆಗಿನ ಕೂಸುಗಳಿಗೆ ಸರಕಾರವು ಎ ಜೀವಸತ್ವದ ದ್ರವವನ್ನು ಹಣವಿಲ್ಲದೆ ಕುಡಿಸುವದು. ಅದನ್ನು ತಪ್ಪಿಸಬೇಡಿರಿ. ಸಂಜೆಗಣ್ಣು ಮಂಜಾದ ಕೂಸನ್ನು ಮಂತ್ರಕ್ಕೆ ಒಯ್ಯದೆ, ಆ ದಿನವೇ ವೈದ್ಯರ ಬಳಿಗೆ ಒಯ್ಯಿರಿ. ತಡಮಾಡಿದರೆ ಕಣ್ಣುಗುಡ್ಡೆಯೇ ಕರಗಿ, ಹೋದ ಬೆಳಕು ತಿರುಗಿ ಬಾರದು. ಒಬ್ಬ ಪರದೇಶದ ವೈದ್ಯನು ನಮ್ಮ ಊಟವನ್ನು ತಕ್ಕಡಿಯಲ್ಲಿ ತೂಗಿ ಕೊರತೆಯನ್ನು ತೋರಿಸಿದನು. ಆ ತಕ್ಕಡಿಯ ತಟ್ಟೆಗೆ ಒಂದು ಹಿಡಿ ಸೊಪ್ಪನ್ನು ಹಾಕಿ ತೂಕವನ್ನು ಸರಿಮಾಡುವ ಕೆಲಸವು ನಮ್ಮ ನಮ್ಮ ಮನೆಗಳಲ್ಲಿ ಉಳಿದಿದೆ.